ಎಡೆ

ಭಾದ್ರಪದದ ಕೃಷ್ಣಪಕ್ಷ, ಅಂದರೆ ಪಿತೃಪಕ್ಷ, ಬಂತೆಂದರೆ ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರದ ಹಳ್ಳಿಗಳಲ್ಲಿ ‘ಎಡೆ ಇಕ್ಕೋದು ಯಾವತ್ತು?’ ಎಂಬ ಮಾತು. ಹಳಗನ್ನಡದಲ್ಲಿ ಎಡೆ ಎಂದರೆ ಜಾಗ, ನಡುವಣ ತೆರಪು. ತಮಿಳಿನ ‘ಇಡೈ’ ಇದರ ನಂಟು. ಎಲ್ಲೆಡೆ, ಎಡೆಬಿಡದೆ ಎಂಬಲ್ಲಿ ಆ ಅರ್ಥ ಇನ್ನೂ ಉಳಿದಿದೆ. ಉಣ್ಣುವ ಜಾಗದಿಂದ ಬಡಿಸಿದ ಎಲೆಗೆ, ಅಲ್ಲಿಂದ ದೇವರಿಗೂ ಹಿರಿಯರಿಗೂ ಇಡುವ ಊಟಕ್ಕೆ ಅರ್ಥ ಸರಿದಿರಬೇಕು.

ಪಿತೃಪಕ್ಷದ ಎಡೆಗೆ ಶಾಸ್ತ್ರಕ್ಕಿಂತ ತೀರಿಕೊಂಡವರ ನಾಲಿಗೆಯೇ ಪ್ರಮಾಣ. ಮಾಂಸ ತಿನ್ನುವ ಮನೆಗಳಲ್ಲಿ ಮುದ್ದೆ, ಬಾಡಿನ ಸಾರು, ಹೊಸ ಪಂಚೆ ಸೀರೆ. ತಾತನಿಗೆ ಇಷ್ಟವಿದ್ದರೆ ಬೀಡಿ, ಹೆಂಡವೂ ಉಂಟು. ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ಹಿರಿಯರು ಉಣ್ಣಲೆಂದು ಎಲ್ಲರೂ ಹೊರಗೆ ಕಾಯುತ್ತಾರೆ. ಕಾಗೆಗೂ ಪಾಲು. ಮಹಾಲಯ ಅಮಾವಾಸ್ಯೆಯಂದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ತರ್ಪಣಕ್ಕೆ ಜನಜಂಗುಳಿ.

ಅಕ್ಟೋಬರ್ 31ರ ಹ್ಯಾಲೋವೀನ್ ಕೂಡ ಸತ್ತವರ ನೆನಪಿನ ದಿನಗಳಿಗೆ ಅಂಟಿಕೊಂಡದ್ದೇ. ಇಂಗ್ಲೆಂಡಿನಲ್ಲಿ ಸತ್ತವರಿಗಾಗಿ ಪ್ರಾರ್ಥಿಸಿದ ಬಡವರಿಗೆ ರೊಟ್ಟಿ ಹಂಚುತ್ತಿದ್ದರು. ಅಲ್ಲೀಗ ದೆವ್ವದ ವೇಷವೇ ಮುಂದು. ನಮ್ಮ ಎಡೆಯಲ್ಲಿ ಹೆದರಿಕೆಗೆ ಎಡೆಯಿಲ್ಲ.