ನಂಜನಗೂಡಿನ ದಳವಾಯಿ ಸೇತುವೆ

ಮೈಸೂರಿನಿಂದ ತೆಂಕಣಕ್ಕೆ ಹೊರಟ ಯಾತ್ರಿಕನಿಗೆ ನಂಜನಗೂಡನ್ನು ಹೊಗುವ ಮುನ್ನ ಕಪಿಲಾ ನದಿಯು ಅಡ್ಡಲಾಗಿ ಸಿಕ್ಕುವುದು. ಆಚೆಯ ದಡದಲ್ಲಿ ಶ್ರೀಕಂಠೇಶ್ವರನ ಮಹಾಗೋಪುರವು ಕಾಣುತ್ತಿರಲಾಗಿ, ನದಿಯ ಮೇಲಣ ಹಳೆಯ ಸೇತುವೆಯನ್ನು ನಿಂತು ನೋಡುವವರು ವಿರಳ. ಆದರೆ ಗೋಪುರವು ಮುಮ್ಮಡಿ ಕೃಷ್ಣರಾಜ ಒಡೆಯರವರ ಕಾಲದ್ದು. ಸೇತುವೆಯು ಅದಕ್ಕಿಂತ ನೂರು ವರ್ಷಗಳಿಗೂ ಹಿಂದಿನದು. ಅದನ್ನು ಕಟ್ಟಿಸಿದವನು ದಳವಾಯಿ ದೇವರಾಜಯ್ಯ; ಕಾಲ ಕ್ರಿ. ಶ. ೧೭೩೫.

ಈ ಕಟ್ಟಡವನ್ನು ಭಾರತದ ಅತ್ಯಂತ ಹಳೆಯ ರೈಲ್ವೆ ಸೇತುವೆಯೆಂದು ಹೊಗಳುವ ವಾಡಿಕೆಯುಂಟು. ಹೊಗಳಿಕೆಯಲ್ಲಿ ಸತ್ಯಾಂಶವಿದ್ದರೂ ಮಾತು ಓದುಗನನ್ನು ದಾರಿ ತಪ್ಪಿಸುವಂತಹುದು. ೧೭೩೫ರಲ್ಲಿ ರೈಲೆಂಬುದು ಎಲ್ಲಿತ್ತು? ಇಂಗ್ಲೆಂಡಿನಲ್ಲಿಯೇ ಹಬೆಯಂತ್ರದಿಂದ ಎಳೆಯಲ್ಪಡುವ ಸಾರ್ವಜನಿಕ ರೈಲು ಹೊರಟದ್ದು ೧೮೨೫ರಲ್ಲಿ. ಮುಂಬಯಿಯಿಂದ ಠಾಣೆಗೆ ಬಂಡಿ ಓಡಿದ್ದು ೧೮೫೩ರಲ್ಲಿ. ದೇವರಾಜಯ್ಯನು ಕಟ್ಟಿಸಿದ್ದು ಕಾಲಾಳು, ಕುದುರೆ, ಎತ್ತಿನಗಾಡಿಗಳಿಗಾಗಿ. ಕಂಬಿಗಳು ಅದರ ಮೇಲೆ ಬಂದದ್ದು ನೂರೈವತ್ತಾರು ವರ್ಷಗಳ ತರುವಾಯ.

ಕಟ್ಟಿಸಿದವನ ಚರಿತ್ರೆಯನ್ನೂ ಇಲ್ಲಿ ನೆನೆಯತಕ್ಕದ್ದು. ದಳವಾಯಿಗಳ ಮನೆತನವು ನಂಜನಗೂಡಿಗೆ ಕೆಲವೇ ಮೈಲಿಗಳ ದೂರದ ಕಳಲೆಯದು. ೧೭೩೨ರಲ್ಲಿ ಪಟ್ಟಕ್ಕೆ ಬಂದ ಚಾಮರಾಜ ಒಡೆಯರನ್ನು ಎರಡೇ ವರ್ಷಗಳಲ್ಲಿ ಇಳಿಸಿ ಕಬ್ಬಾಳದುರ್ಗಕ್ಕೆ ಕಳುಹಿಸಿದವರು ಈ ಮನೆತನದವರೇ. ಆ ಅರಸನು ಸೆರೆಯಲ್ಲಿಯೇ ತೀರಿಕೊಂಡನು. ಬಾಲಕನಾದ ಇಮ್ಮಡಿ ಕೃಷ್ಣರಾಜನು ೧೭೩೪ರಲ್ಲಿ ಪಟ್ಟವೇರಿದನು. ಅಧಿಕಾರವು ದಳವಾಯಿಗಳ ಕೈಯಲ್ಲಿ ನಿಂತಿತು. ಸೇತುವೆಯು ಅದರ ಮರುವರ್ಷದ ಕೆಲಸ. ರಾಜನ ಹೆಸರಿನ ಬದಲು ದಳವಾಯಿಯ ಹೆಸರು ಅದಕ್ಕೆ ಅಂಟಿಕೊಂಡುದು ಆಕಸ್ಮಿಕವಲ್ಲವೆಂದು ತೋರುತ್ತದೆ. ಶ್ರೀರಂಗಪಟ್ಟಣದಿಂದ ಕಳಲೆಗೆ ಹೋಗುವ ದಾರಿಯೂ, ಆಗ ಮೈಸೂರಿಗೆ ಸೇರಿದ್ದ ಕೊಯಮತ್ತೂರಿನ ಕಡೆಗೆ ದಂಡು ನಡೆಯುವ ದಾರಿಯೂ ಕಪಿಲೆಯನ್ನು ದಾಟಿಯೇ ಸಾಗಬೇಕಾಗಿದ್ದುದರಿಂದ, ಭಕ್ತಿ, ಯುದ್ಧ, ಮನೆತನ ಮೂರರ ಪ್ರಯೋಜನವೂ ಇದರಲ್ಲಿ ಕೂಡಿದ್ದಿತು. ದೇವರಾಜಯ್ಯನ ತಮ್ಮ ಕರಾಚೂರಿ ನಂಜರಾಜಯ್ಯನು ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತನೇ. ಸಂಸ್ಕೃತದಲ್ಲಿ ‘ಸಂಗೀತ ಗಂಗಾಧರ’ವನ್ನೂ ಕನ್ನಡದಲ್ಲಿ ‘ಕಕುದ್ಗಿರಿ ಮಾಹಾತ್ಮ್ಯ’ವೇ ಮೊದಲಾದ ಶೈವಗ್ರಂಥಗಳನ್ನೂ ರಚಿಸಿದವನು. ನೃಸಿಂಹಕವಿಯು ‘ನಂಜರಾಜಯಶೋಭೂಷಣ’ದಲ್ಲಿ ಕೊಂಡಾಡಿರುವುದು ಇವನನ್ನೇ. ಅಣ್ಣನ ಕೀರ್ತಿಗೆ ಅಂತಹ ಅಲಂಕಾರಗ್ರಂಥವೊಂದು ದೊರೆಯಲಿಲ್ಲ, ಸೇತುವೆ ದೊರೆಯಿತು.

ಬ್ರಿಟಿಷರ ಕಾಲಕ್ಕೆ ಬರೋಣ. ಬೆಂಗಳೂರಿನಿಂದ ಮೈಸೂರಿನವರೆಗಿನ ರೈಲುದಾರಿಯು ೧೮೮೨ರಲ್ಲಿ ಪೂರ್ಣವಾಯಿತು. ಚಾಮರಾಜೇಂದ್ರ ಒಡೆಯರವರು ಆಳುತ್ತ, ಶೇಷಾದ್ರಿ ಅಯ್ಯರವರು ದಿವಾನರಾಗಿದ್ದಾಗ, ೧೮೯೧ರಲ್ಲಿ ಅದು ನಂಜನಗೂಡಿಗೆ ಮುಂದುವರಿಯಿತು. ಇಂಜಿನಿಯರುಗಳು ಹಳೆಯದನ್ನು ಕೆಡಹದೆ ಅದರ ಮೇಲೆಯೇ ಕಂಬಿ ಹಾಸಿದರು. ಒಂದೇ ಕಟ್ಟಡದ ಮೇಲೆ ರಸ್ತೆಯೂ ರೈಲೂ ನಡೆದುವು. ಇದು ಸಾಧ್ಯವಾದುದಕ್ಕೆ ಮೀಟರ್ ಗೇಜಿನ ಪಾಲು ದೊಡ್ಡದಿರಬೇಕು. ಕಂಬಿಗಳ ನಡುವೆ ಒಂದೇ ಮೀಟರಿನ ಅಂತರ, ಹಗುರವಾದ ಇಂಜಿನು: ಐದೂವರೆ ಅಡಿಯ ಅಗಲ ಮಾರ್ಗವನ್ನು ಆಗಲೇ ಆರಿಸಿದ್ದರೆ ದಳವಾಯಿಯ ಕೆಲಸಕ್ಕೆ ಇಂತಹ ಎರಡನೆಯ ಬಾಳು ಲಭಿಸುತ್ತಿತ್ತೆಂದು ಹೇಳಲಾಗದು. ೧೯೨೬ರಲ್ಲಿ ಮಾರ್ಗವು ಚಾಮರಾಜನಗರವನ್ನು ಮುಟ್ಟಿತು.

ಶ್ರೀರಂಗಪಟ್ಟಣದಲ್ಲಿ ಪೂರ್ಣಯ್ಯನು ೧೮೦೪ರಲ್ಲಿ ಮುಗಿಸಿದ ಕಲ್ಲಿನ ಸೇತುವೆಗೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರು ಬಿದ್ದಿತು. ಕಟ್ಟಿಸಿದವನ ಹೆಸರು ಹಿಂದಕ್ಕೆ ಸರಿಯಿತು. ನಂಜನಗೂಡಿನಲ್ಲಿ ಹೆಸರು ಉಳಿದಿದೆ, ಆದರೆ ರೈಲಿನ ಕೀರ್ತಿಯು ಅದನ್ನು ಮುಚ್ಚುತ್ತಿದೆ. ಶಾಲೆಯ ಪಾಠಗಳಲ್ಲಿ ‘೧೭೩೫ರ ರೈಲ್ವೆ ಸೇತುವೆ’ ಎಂದು ಬರೆಯುವುದಕ್ಕಿಂತ ‘೧೭೩೫ರ ಸೇತುವೆ; ೧೮೯೧ರಿಂದ ರೈಲಿಗೂ ಒದಗಿದುದು’ ಎಂದು ಬರೆಯುವುದು ಯುಕ್ತ. ಹುಡುಗರು ಎರಡು ಯುಗಗಳನ್ನು ಒಂದೆಂದು ಕಲಿಯಲಾರರು.

ಅಗಲ ಮಾರ್ಗವು ಕೊನೆಗೆ ಬಂದೇ ಬಂದಿತು. ೨೦೦೮ರ ಹೊತ್ತಿಗೆ ಮೈಸೂರು–ಚಾಮರಾಜನಗರದ ಮೀಟರ್ ಗೇಜು ಹೋಗಿ, ರೈಲುಗಳು ಹೊಸ ಸೇತುವೆಗೆ ಸರಿದುವು. ಹಳೆಯದನ್ನು ಪಾರಂಪರಿಕ ಕಟ್ಟಡವೆಂದು ಉಳಿಸಿಕೊಳ್ಳಲಾಗಿದೆ. ಅದರ ಕೆಳಗೆ ಹರಿದ ಕಪಿಲೆಯು ಪೂರ್ವಾಭಿಮುಖವಾಗಿ ಸಾಗಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವುದು.