ಹನ್ನೆರಡು ಮುಖದ ಒಗಟು

ಕಳೆದ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಟ್ರಂಕಿನ ತಳದಿಂದ ಅಮ್ಮನ ಹಿತ್ತಾಳೆ ಪಾವು ಹೊರಬಂತು. ಮೊಮ್ಮಗಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಜ್ಜಿ, ಇದು ಪೆನ್ ಸ್ಟ್ಯಾಂಡಾ?" ಎಂದಳು. ನಗು ಬಂತು, ಜೊತೆಗೆ ಸ್ವಲ್ಪ ದಿಗಿಲೂ ಆಯಿತು. ಅಮ್ಮ ದಿನವೂ ಅಕ್ಕಿ ಅಳೆಯುತ್ತಿದ್ದ ವಸ್ತು ಎರಡೇ ತಲೆಮಾರಿನಲ್ಲಿ ಹೆಸರು ಕಳೆದುಕೊಂಡಿತ್ತು. ಹೆಸರನ್ನೂ ಕೆಲಸವನ್ನೂ ಪೂರ್ತಿಯಾಗಿ ಕಳೆದುಕೊಂಡ ಇನ್ನೊಂದು ವಸ್ತುವಿನ ಬಗ್ಗೆ ನಾನು ಓದುತ್ತಾ ಬಂದಿದ್ದೇನೆ. ಅದರ ಕಥೆಯನ್ನು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

2022ರ ಡಿಸೆಂಬರಿನಲ್ಲಿ ಬೆಲ್ಜಿಯಂನ ಕೊರ್ಟೆಸೆಮ್ ಊರಿನ ಹೊಲವೊಂದರಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುತ್ತಿದ್ದ ಹವ್ಯಾಸಿಯೊಬ್ಬರಿಗೆ ಲೋಹದ ಚೂರೊಂದು ಸಿಕ್ಕಿತು. ಅದರ ಮೂಲೆಯಲ್ಲಿ ಪುಟ್ಟ ಗುಂಡು, ಪಕ್ಕದಲ್ಲಿ ದುಂಡು ತೂತಿನ ಅಂಚು. ಅವರು ಅದನ್ನು ಮನೆಯ ಶೋಕೇಸಿನಲ್ಲಿಡದೆ ತಜ್ಞರಿಗೆ ತೋರಿಸಿದರು. ಅದು ರೋಮನ್ನರ ಕಾಲದ ದ್ವಾದಶಮುಖಿಯ ತುಂಡು ಎಂದು ಗೊತ್ತಾಯಿತು. ಈಗ ಅದು ತೊಂಗೆರೆನ್ ನಗರದ ಗ್ಯಾಲೊ-ರೋಮನ್ ಮ್ಯೂಸಿಯಂನಲ್ಲಿದೆ. 1939ರಲ್ಲಿ ಅದೇ ಊರಿನಲ್ಲಿ ಸಿಕ್ಕ ಇಡಿಯ ದ್ವಾದಶಮುಖಿಯೂ ಅಲ್ಲೇ ಇದೆ.

ಹನ್ನೆರಡು ಪಂಚಕೋನಗಳನ್ನು ಅಂಚಿಗೆ ಅಂಚು ಕೂಡಿಸಿದ ಟೊಳ್ಳು ವಸ್ತು ಇದು. ಪ್ರತಿ ಮುಖಕ್ಕೂ ಒಂದೊಂದು ದುಂಡು ತೂತು, ತೂತುಗಳ ಅಳತೆ ಬೇರೆ ಬೇರೆ. ಇಪ್ಪತ್ತು ಮೂಲೆಗಳಿಗೂ ಒಂದೊಂದು ಗುಂಡು. ಚಿಕ್ಕದು ನಾಲ್ಕು ಸೆಂಟಿಮೀಟರ್, ದೊಡ್ಡದು ಹನ್ನೊಂದರವರೆಗೂ ಇದೆ. ಮಣ್ಣಿನಿಂದ ತೆಗೆದಾಗ ಹಿತ್ತಾಳೆಯೂ ಕಂಚೂ ಹಸಿರು ಹಿಡಿದು ಒಂದೇ ಥರ ಕಾಣುತ್ತವೆ. ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು. 2023ರಲ್ಲಿ ಇಂಗ್ಲೆಂಡಿನ ನಾರ್ಟನ್ ಡಿಸ್ನಿ ಹಳ್ಳಿಯಲ್ಲಿ ಉತ್ಖನನ ಮಾಡಿದ ಸ್ವಯಂಸೇವಕರಿಗೆ ಸಿಕ್ಕಿದ್ದರಲ್ಲಿ ತಾಮ್ರ ಶೇ. 75, ಸೀಸ ಶೇ. 18, ತವರ ಶೇ. 7 ಇತ್ತು. ತೂಕ 254 ಗ್ರಾಂ. ಹಾಗಾಗಿ ಅದು ಕಂಚು.

ಇಂಥವು ಇದುವರೆಗೆ ನೂರಕ್ಕೂ ಹೆಚ್ಚು ಸಿಕ್ಕಿವೆ. ಮೊದಲ ದಾಖಲೆ 1739ರದು. ಬ್ರಿಟನ್, ಫ್ರಾನ್ಸ್, ಜರ್ಮನಿ ಕಡೆ ಸಿಕ್ಕರೂ ಖುದ್ದು ರೋಮ್‌ನ ಆಸುಪಾಸಿನಲ್ಲಿ ಸಿಕ್ಕಿಲ್ಲ. ರೋಮನ್ನರು ಏನೇನನ್ನೋ ಬರೆದಿಟ್ಟರು, ಚಿತ್ರಿಸಿಟ್ಟರು. ಇದರ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ, ಒಂದು ಚಿತ್ರವೂ ಇಲ್ಲ.

ಬರಹವಿಲ್ಲದ ಕಡೆ ಊಹೆಗಳಿಗೆ ಬರವೇ? ದೀಪಸ್ತಂಭ, ದಾಳ, ದೂರ ಅಳೆಯುವ ಸಾಧನ, ಬಿತ್ತನೆಯ ದಿನ ತಿಳಿಸುವ ಸಾಧನ ಎಂದೆಲ್ಲ ಹೇಳಿದರು. ಅಳತೆಯ ಸಾಧನವಾದರೆ ಎಲ್ಲವೂ ಒಂದೇ ಅಳತೆಯಲ್ಲಿರಬೇಕಿತ್ತು, ಮೇಲೆ ಗುರುತುಗಳಿರಬೇಕಿತ್ತು. ಎರಡೂ ಇಲ್ಲ.

ನನಗೆ ತುಂಬ ಹಿಡಿಸಿದ್ದು ಹೆಣಿಗೆಯ ವಾದ. ಹೆಣಿಗೆ ಬಲ್ಲ ಕೆಲವರು ಇದರ ಪ್ರತಿಕೃತಿ ಮಾಡಿ, ಗುಂಡುಗಳಿಗೆ ಉಲ್ಲನ್ ಸುತ್ತಿ, ಕೈಗವಸಿನ ಬೆರಳುಗಳನ್ನು ಹೆಣೆದೇ ತೋರಿಸಿದರು. ಪಂಡಿತರಿಗೆ ಬಿಡಿಸಲಾಗದ್ದನ್ನು ಒಬ್ಬ ಗೃಹಿಣಿ ಬಿಡಿಸಿದಳು ಎಂದು ನಾನೂ ಹಿಗ್ಗಿದೆ. ಆದರೆ ಮೂವತ್ತು ವರ್ಷ ಸ್ವೆಟರ್ ಹೆಣೆದ ಕೈ ಸುಮ್ಮನೆ ಒಪ್ಪಲಿಲ್ಲ. ಬೆರಳಿನ ದಪ್ಪ ನಿರ್ಧಾರವಾಗುವುದು ಗುಂಡುಗಳ ನಡುವಿನ ಅಂತರದಿಂದ, ತೂತಿನಿಂದಲ್ಲ. ಆ ಅಂತರವೋ ಎಲ್ಲ ಮುಖಗಳಲ್ಲೂ ಒಂದೇ. ಹಾಗಿದ್ದ ಮೇಲೆ ಹನ್ನೆರಡು ಬೇರೆ ಬೇರೆ ತೂತು ಏಕೆ? ನಾಲ್ಕು ಮೊಳೆ ಹೊಡೆದ ಮರದ ತುಂಡಿನಲ್ಲಿ ಆಗುವ ಕೆಲಸಕ್ಕೆ ಇಷ್ಟು ದುಬಾರಿ ಎರಕ ಏಕೆ? ಅಂಥ ಹೆಣಿಗೆ ಆ ಕಾಲದ ಯುರೋಪಿನಲ್ಲಿ ಇದ್ದುದಕ್ಕೆ ಪುರಾವೆಯೂ ಇಲ್ಲ. ಮನಸ್ಸಿಲ್ಲದ ಮನಸ್ಸಿನಿಂದ ಆ ವಾದವನ್ನು ಕೈಬಿಟ್ಟೆ.

ಈಗ ಹಲವು ವಿದ್ವಾಂಸರು ವಾಲುತ್ತಿರುವುದು ಪೂಜೆ, ಶಕುನ, ಮಾಟದ ಕಡೆಗೆ. ಹನ್ನೆರಡು ಮುಖದ ಆಕೃತಿಯನ್ನು ಪ್ಲೇಟೋ ವಿಶ್ವಕ್ಕೆ ಹೋಲಿಸಿದ್ದ. ಜಿನೀವಾದಲ್ಲಿ ಸಿಕ್ಕ, ತೂತಿಲ್ಲದ ಇನ್ನೊಂದು ದ್ವಾದಶಮುಖಿಯ ಮೇಲೆ ಹನ್ನೆರಡು ರಾಶಿಗಳ ಹೆಸರುಗಳಿವೆ. ಕೊರ್ಟೆಸೆಮ್‌ನ ತುಂಡನ್ನು ಬೇಕೆಂದೇ ಮುರಿದಂತಿದೆ, ಬಹುಶಃ ಯಾವುದೋ ವಿಧಿಯ ಕೊನೆಯಲ್ಲಿ.

ವಸ್ತುವಿನ ಗುಟ್ಟು ಅರ್ಧ ಅದರಲ್ಲಿದ್ದರೆ ಇನ್ನರ್ಧ ಅದು ಬಿದ್ದಿದ್ದ ಮಣ್ಣಿನಲ್ಲಿರುತ್ತದೆ. ಹಳೆಯ ದ್ವಾದಶಮುಖಿಗಳಲ್ಲಿ ಎಷ್ಟೋ ಎಲ್ಲಿ, ಯಾವುದರ ಜೊತೆ ಸಿಕ್ಕವು ಎಂದು ಯಾರೂ ಬರೆದಿಡಲಿಲ್ಲ. ನಾರ್ಟನ್ ಡಿಸ್ನಿಯದು ನಾಲ್ಕನೇ ಶತಮಾನದ ಮಡಕೆ ಚೂರುಗಳ ಜೊತೆ, ಇಟ್ಟ ಜಾಗದಲ್ಲೇ ಸಿಕ್ಕಿತು. ಅದಕ್ಕೇ ಅದಕ್ಕೆ ಅಷ್ಟು ಬೆಲೆ. ನಮ್ಮಲ್ಲೂ ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆಂಬ ಕಾನೂನು 1878ರಲ್ಲೇ ಬಂದಿದೆ.

ನಮ್ಮ ಪಾವಿಗೂ ಅದರ ಮಣ್ಣು ಬೇಕಲ್ಲ! ಅಂದು ಸಂಜೆ ಒಂದು ಚೀಟಿ ಬರೆದು ಅದರೊಳಗೆ ಹಾಕಿದೆ: "ಇದು ಪಾವು. ನಾಲ್ಕು ಪಾವಿಗೆ ಒಂದು ಸೇರು. ನಿನ್ನ ಮುತ್ತಜ್ಜಿ ದಿನವೂ ಅಕ್ಕಿ ಅಳೆದದ್ದು ಇದರಲ್ಲೇ. ಅಳೆದ ಮೇಲೆ ಒಂದು ಹಿಡಿಯನ್ನು ಮತ್ತೆ ಡಬ್ಬಕ್ಕೆ ಹಾಕುತ್ತಿದ್ದಳು." ಮೊಮ್ಮಗಳು ಅದನ್ನು ಓದಿ, "ಒಂದು ಹಿಡಿ ಯಾಕೆ ವಾಪಸ್ ಹಾಕ್ತಿದ್ರು?" ಎಂದು ಕೇಳಿದಳು. ಡಬ್ಬ ಖಾಲಿಯಾಗಬಾರದು ಅಂತ ಎಂದೆ. ಚೀಟಿಯ ಹಿಂದೆ ಅದನ್ನೂ ಬರೆದಳು.