ಕ್ರಿಯಾಪ್ರತ್ಯಯಗಳೂ ಗ್ರಂಥಗಳ ಕಾಲನಿರ್ಣಯವೂ

ಭೂತಕ್ಕೆ ದ, ವರ್ತಮಾನಕ್ಕೆ ದಪ, ಭವಿಷ್ಯತ್ತಿಗೆ ವ ಎಂದು ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣದೊಳಗೆ ವಿಧಿಸಿರುವನು. ಮಾಡಿದಂ, ಮಾಡಿದಪಂ, ಮಾಡುವಂ ಎಂಬಿವು ಅಂತಹ ರೂಪಗಳು. ಹೊಸಗನ್ನಡದಲ್ಲಿ ಕೊನೆಯ ಬಿಂದುವು ನುಕಾರವಾಗಿ ಮಾಡಿದನು, ಮಾಡುವನು ಎಂದಾಯಿತು; ದಪದ ಎಡೆಯಲ್ಲಿ ಮಾಡುತ್ತಾನೆ ಎಂಬುದು ನೆಲೆಗೊಂಡಿತು. ಆದುದರಿಂದ ಕ್ರಿಯಾಪದದ ಅಂತ್ಯದಿಂದ ಗ್ರಂಥದ ಕಾಲವನ್ನು ಊಹಿಸುವುದುಂಟು.

ಈ ಊಹೆಯ ಮಿತಿಯನ್ನು ಕಾರ್ಕಳ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಜನಿಸಿದ ಲಕ್ಷ್ಮೀನಾರಣಪ್ಪನು, ಎಂದರೆ ಮುದ್ದಣನು, ತೋರಿಸಿಕೊಟ್ಟನು. ಕಿಟ್ಟೆಲರು ಪರಿಷ್ಕರಿಸಿದ ಶಬ್ದಮಣಿದರ್ಪಣವು 1872ರಲ್ಲಿಯೇ ಮಂಗಳೂರಿನಲ್ಲಿ ಅಚ್ಚಾಗಿ, ಹಳೆಯ ವಿಧಿಗಳು ಓದುವವರ ಕೈಸೇರಿದ್ದುವು. ಮುದ್ದಣನು ಶ್ರೀರಾಮಾಶ್ವಮೇಧವನ್ನು ಹಳಗನ್ನಡದ ಪ್ರತ್ಯಯಗಳಿಂದ ರಚಿಸಿ, ತನ್ನ ಕರ್ತೃತ್ವವನ್ನು ಮರೆಸಿ, ಪ್ರಾಚೀನಕೃತಿಯೆಂಬಂತೆ ಮೈಸೂರಿಗೆ ಕಳುಹಿದನು. ಅವನು 1901ರಲ್ಲಿ ತೀರಿಕೊಂಡನು. ಕರ್ತೃವು ಅವನೇ ಎಂಬುದು ನಿಶ್ಚಯವಾದುದು ತರುವಾಯ. ಪ್ರತ್ಯಯವು ಕವಿಯ ವ್ಯಾಸಂಗಕ್ಕೆ ಸಾಕ್ಷಿಯಾಗಬಲ್ಲುದು; ಅದೊಂದೇ ಅವನ ಕಾಲಕ್ಕೆ ಸಾಕ್ಷಿಯಾಗಲಾರದು.